ಬ್ಯಾಂಕಾಕ್ ಮೇಲೆ ಸಿಂಗಪುರಕ್ಕೆ ಹೋಗೋರು ಬುಕ್ ಮಾಡೋ ಮುಂಚೆ ಓದಿ

ಎರಡು ಬೇರೆ ಬೇರೆ ಟಿಕೆಟ್ ತಗೊಂಡು ದುಡ್ಡು ಉಳಿಸೋಣ ಅಂತ ಲೆಕ್ಕ ಹಾಕ್ತಿದ್ದೀರಾ? ನಾನೂ ಹಾಕಿದ್ದೆ. ಅಪ್ಪ ಅಮ್ಮನ್ನ ಕರ್ಕೊಂಡು ದಾವಣಗೆರೆಯಿಂದ ಹೊರಟು ಸರಿಯಾಗಿ ಅನುಭವಿಸಿ ಬಂದೆ.

ತಂಗಿ ಇರೋದು ಸಿಂಗಪುರದಲ್ಲಿ. ಬೆಂಗಳೂರಿನಿಂದ ನೇರ ವಿಮಾನ ಇದೆ, ಸುಮಾರು 3,200 ಕಿ.ಮೀ., ನಾಲ್ಕೂವರೆ ಗಂಟೆ ಅಷ್ಟೇ. ಆದರೆ ಬ್ಯಾಂಕಾಕ್‌ವರೆಗೆ ಒಂದು, ಅಲ್ಲಿಂದ ಇನ್ನೊಂದು ಟಿಕೆಟ್ ಮಾಡಿದರೆ ಮೂವರಿಗೆ ಹನ್ನೊಂದು ಸಾವಿರ ಕಡಿಮೆ ಬೀಳ್ತಿತ್ತು. ಆಸೆ, ಇನ್ನೇನು.

ಊರಿಂದೂರಿಗೆ ದೂರ ತೋರಿಸೋ ಯಾವುದೋ ವೆಬ್‌ಸೈಟ್‌ನಲ್ಲಿ ಬೆಂಗಳೂರು–ಬ್ಯಾಂಕಾಕ್ ಮೂರೂವರೆ ಗಂಟೆ ಅಂತಿತ್ತು. ರಾತ್ರಿ 12.30ಕ್ಕೆ ಹೊರಟರೆ 4 ಗಂಟೆಗೆ ಅಲ್ಲಿ, ಮುಂದಿನದು 8ಕ್ಕೆ, ಮಧ್ಯೆ ನಾಲ್ಕು ಗಂಟೆ ಆರಾಮ ಅಂದುಕೊಂಡೆ. ಅಂಥ ಸೈಟ್‌ಗಳು ನಕ್ಷೆ ಮೇಲೆ ನೇರ ಗೆರೆ ಎಳೆದು, ಆ ದೂರವನ್ನು ವಿಮಾನದ ವೇಗದಿಂದ ಭಾಗಿಸಿ ಹೇಳ್ತವೆ. ಇಮಿಗ್ರೇಷನ್ ಸಾಲು, ಲಗೇಜ್ ಬೆಲ್ಟ್ ಯಾವುದೂ ಅದರಲ್ಲಿ ಬರಲ್ಲ. ಎಲ್ಲಕ್ಕಿಂತ ಜಾಸ್ತಿ ಕೆಟ್ಟಿದ್ದು ಗಡಿಯಾರದ ಲೆಕ್ಕ. ಬ್ಯಾಂಕಾಕ್ ನಮಗಿಂತ ಒಂದೂವರೆ ಗಂಟೆ ಮುಂದೆ, ಸಿಂಗಪುರ ಎರಡೂವರೆ ಗಂಟೆ ಮುಂದೆ. ಟಿಕೆಟ್‌ನಲ್ಲಿ ಇಳಿಯೋ ಸಮಯ ಅಲ್ಲಿನ ಗಡಿಯಾರದ ಪ್ರಕಾರವೇ ಇತ್ತು. ನಾನೇ ನೋಡಿರಲಿಲ್ಲ.

ಬ್ಯಾಗ್ ಬರೋಕೆ ಕಾಯ್ತಾ ನಿಂತಿದ್ದೆವು. ಗೋಡೆ ಗಡಿಯಾರ ಆರೂಕಾಲು ತೋರಿಸ್ತಿತ್ತು. ಅಪ್ಪ ತಮ್ಮ ಹಳೇ ಎಚ್‌ಎಂಟಿ ವಾಚು ಮುಂದೆ ಹಿಡಿದು, "ಇನ್ನೂ ನಾಲ್ಕೂಮುಕ್ಕಾಲು ಐತಲ್ಲೋ, ಯಾಕೆ ಗಾಬರಿ ಬೀಳ್ತೀಯ" ಅಂದರು.

ಸರಿ, ಇನ್ನೂ ಟೈಮಿದೆ ಅಂತ ಚೆಕ್‌ಇನ್ ಕೌಂಟರ್ ಹುಡುಕಿದೆ. ನಮ್ಮ ವಿಮಾನದ ಹೆಸರೇ ಬೋರ್ಡ್ ಮೇಲೆ ಇಲ್ಲ! ಟಿಕೆಟ್ ನೋಡಿದ ಅಲ್ಲಿನ ಹುಡುಗಿ "ಡಾನ್ ಮುವಾಂಗ್" ಅಂತ ಮೂರು ಸಲ ಹೇಳಿದಳು. ಬ್ಯಾಂಕಾಕ್‌ನಲ್ಲಿ ಎರಡು ವಿಮಾನ ನಿಲ್ದಾಣ ಇವೆ. ನಾವು ಇಳಿದದ್ದು ಸುವರ್ಣಭೂಮಿ, ಕೋಡ್ ಬಿಕೆಕೆ. ಹತ್ತಬೇಕಾಗಿದ್ದು ಡಾನ್ ಮುವಾಂಗ್, ಕೋಡ್ ಡಿಎಂಕೆ. ಬುಕ್ ಮಾಡುವಾಗ ಆ ಮೂರಕ್ಷರ ನೋಡಿ "ಇದೇನು ತಮಿಳುನಾಡಿನ ಪಾರ್ಟಿ" ಅಂತ ನಕ್ಕಿದ್ದೆ ಬೇರೆ. ಎರಡರ ನಡುವೆ ರಸ್ತೆಯಲ್ಲಿ ಹೆಚ್ಚು ಕಮ್ಮಿ 50 ಕಿ.ಮೀ., ಅಂದರೆ ನಮ್ಮೂರಿಂದ ಚಿತ್ರದುರ್ಗದ ಹತ್ತಿರ ಹತ್ತಿರ ಹೋದಂಗೆ, ಅದೂ ಬೆಳಗಿನ ಟ್ರಾಫಿಕ್‌ನಲ್ಲಿ.

ಟ್ಯಾಕ್ಸಿ ಮುಟ್ಟಿದಾಗ 7.50. ಕೌಂಟರ್ ಯಾವಾಗಲೋ ಮುಚ್ಚಿತ್ತು. ಒಂದೇ ಟಿಕೆಟ್‌ನಲ್ಲಿ ಎರಡೂ ಪ್ರಯಾಣ ಇದ್ದಿದ್ದರೆ ಮೊದಲ ವಿಮಾನ ತಡವಾದಾಗ ಮುಂದಿನದಕ್ಕೆ ಕೂರಿಸೋದು ಅವರ ತಲೆನೋವು. ಬೇರೆ ಬೇರೆ ಟಿಕೆಟ್ ಆದರೆ ತಪ್ಪಿದ್ದು ನಿಮ್ಮದೇ. ಹೊಸ ಟಿಕೆಟ್‌ಗೆ ಮೂವರಿಗೂ ಸೇರಿ ಮೂವತ್ತೆರಡು ಸಾವಿರ ಕೊಟ್ಟೆ.

ಹಾಗೂ ಹೀಗೇ ಹೋಗ್ತೀನಿ ಅನ್ನೋರು ಆ ಮೂರಕ್ಷರದ ಕೋಡ್ ಎರಡೂ ಟಿಕೆಟ್‌ನಲ್ಲಿ ಒಂದೇ ಇದೆಯಾ ನೋಡಿ. ಲಗೇಜ್ ಇಳಿಸಿಕೊಂಡು ಹೊರಗೆ ಬರಬೇಕಾಗುತ್ತೆ, ಹಾಗಾಗಿ ಆ ದೇಶದ ವೀಸಾ ನಿಯಮವನ್ನೂ ನೋಡಿಕೊಳ್ಳಿ. ಇನ್ನೊಂದು, 12ನೇ ತಾರೀಕು ರಾತ್ರಿ 12.30 ಅಂತಿದ್ದರೆ ನೀವು ಊರು ಬಿಡಬೇಕಾದ್ದು 11ರ ಮಧ್ಯಾಹ್ನ. ಇದೊಂದು ಮಾತ್ರ ನಾನು ಸರಿಯಾಗಿ ಮಾಡಿದ್ದೆ.

ಮುಂದಿನ ವಿಮಾನ ಸಂಜೆಗೆ ಸಿಕ್ಕಿತು. ಅಮ್ಮ ತಂಗಿಗೆ ಅಂತ ಹೊತ್ತು ತಂದಿದ್ದ ಖಾರಾ ಮಂಡಕ್ಕಿ ಚೀಲ ಅಷ್ಟರಲ್ಲಿ ಅಲ್ಲೇ ಕುರ್ಚಿ ಮೇಲೆ ಅರ್ಧ ಖಾಲಿಯಾಗಿತ್ತು.