ಸಹಿ ಎಕ್ಸ್‌ಪರ್ಟ್ ಸರ್ವಿಸ್: ರಿಪೋರ್ಟಿಗೆ ನಾಲ್ಕು ಸ್ಟಾರ್, ಕಟಕಟೆಗೆ ಎರಡು

ನಮ್ಮ ಸೋದರಮಾವನ ಮೇಲೆ ಚೆಕ್ ಬೌನ್ಸ್ ಕೇಸ್ ನಡೀತಿದೆ, ಚೆಕ್ ಅವರ ಬುಕ್ಕಿಂದೇ ಆದ್ರೆ ಸಹಿ ಅವರದಲ್ಲ ಅನ್ನೋದು ನಮ್ ವಾದ, ಅದಕ್ಕೆ ಬೆಂಗಳೂರಿನ ಒಬ್ರು ಪ್ರೈವೇಟ್ ಹ್ಯಾಂಡ್‌ರೈಟಿಂಗ್ ಎಕ್ಸ್‌ಪರ್ಟ್ ಹತ್ರ ಹೋಗಿದ್ವಿ. ಕೇಸ್ ಮುಗಿದಿಲ್ಲ, ಹೆಸರು ಹಾಕಲ್ಲ. ಚೆಕ್ ಕೇಸ್ ತಾನೆ ಅಂತ ಹಗುರವಾಗಿ ತಗೋಬೇಡಿ, ಚೆಕ್ ಬೌನ್ಸಿಗೆ ಹಾಕೋ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138 ಅಂದ್ರೆ ಕ್ರಿಮಿನಲ್ಲೇ, 2 ವರ್ಷದವರೆಗೆ ಜೈಲು, ಇಲ್ಲಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲಾ ಎರಡೂ ಬೀಳಬಹುದು.

ಮೊದಲು ಒಳ್ಳೇದು ಹೇಳ್ಬಿಡ್ತೀನಿ. ಹೋಗಿ ಕೂತ ತಕ್ಷಣ ಅವರು ಮಾವನ್ನ ಕೇಳಿದ್ದು, "ಯಜಮಾನ್ರೇ, ಸಹಿ ನಿಮ್ದಾ ಅಲ್ವಾ ಸರಿಯಾಗಿ ಹೇಳಿ, ಸಹಿ ನಿಮ್ದೇ ಆಗಿ ಮೊತ್ತ ತಾರೀಖು ಮಾತ್ರ ಬೇರೆಯೋರು ತುಂಬಿದ್ರೆ ನನಗೆ ದುಡ್ಡು ಕೊಡೋದೇ ವೇಸ್ಟು" ಅಂತ. ಅದು ನಿಜಾನೇ, ಸಹಿ ಒಪ್ಕೊಂಡ್ಮೇಲೆ ಒಳಗಿನ ಬರಹ ಯಾರದು ಅನ್ನೋ ರಿಪೋರ್ಟಿಂದ ಪ್ರಯೋಜನ ಇಲ್ಲ ಅಂತ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಬರೋ ದುಡ್ಡು ಬಿಡೋಕೆ ರೆಡಿ ಇರೋ ಮನುಷ್ಯ ಅಂತ ನಂಬಿಕೆ ಬಂತು. ಇನ್ನೊಬ್ರು ಎಕ್ಸ್‌ಪರ್ಟ್ ಚೆಕ್ ಫೋಟೋ ವಾಟ್ಸಾಪ್ ಮಾಡಿ ಸಾಕು ಅಂದಿದ್ರು, ಅವರನ್ನ ಅಲ್ಲೇ ಕೈಬಿಟ್ವಿ, ಫೋಟೋದಲ್ಲಿ ಪೆನ್ ಎಲ್ಲಿ ಒತ್ತಿದೆ ಎಲ್ಲಿ ಎತ್ತಿದೆ ಏನ್ ಸರಿಯಾಗಿ ಗೊತ್ತಾಗತ್ತೆ?

ಇವರು ಕೋರ್ಟ್ ಪರ್ಮಿಷನ್ ತಗೊಂಡು, ಕೋರ್ಟಿನ ಆಫೀಸಲ್ಲೇ ಒರಿಜಿನಲ್ ಚೆಕ್ ನೋಡಿ ಫೋಟೋ ತೆಗೆದ್ರು. ಹೋಲಿಸೋಕೆ ವಕಾಲತ್ತಿನ (ಲಾಯರನ್ನ ನೇಮಿಸೋ ಪತ್ರದ) ಸಹಿ ಬೇಡ ಅಂದ್ರು, ಯಾಕಂದ್ರೆ ಅದು ಜಗಳ ಶುರುವಾದ್ಮೇಲೆ ಹಾಕಿದ್ದು, ಬೇಕಂತಲೇ ಬದಲಾಯಿಸಿ ಹಾಕಿದ್ದಾರೆ ಅಂತ ಎದುರಿನೋರು ಎತ್ತಾಡ್ತಾರೆ. ಚೆಕ್ಕಿನ ಆಸುಪಾಸಿನ ವರ್ಷದ ಬ್ಯಾಂಕ್ ಫಾರ್ಮು, ಕ್ರಯಪತ್ರ ಇವನ್ನೇ ತರಿಸಿದ್ರು. ರಿಪೋರ್ಟ್ ನೀಟಾಗಿತ್ತು, ದೊಡ್ಡದು ಮಾಡಿದ ಫೋಟೋಗಳಲ್ಲಿ ಬಾಣದ ಗುರುತು, ಗೆರೆ ಎಲ್ಲಿ ನಡುಗಿದೆ, ಸರಾಗವಾಗಿ ಬರೋ ಕಡೆ ಎಲ್ಲಿ ನಿಂತು ನಿಂತು ಎಳೆದಿದ್ದಾರೆ ಅಂತ ನಮ್ಮಂಥೋರಿಗೂ ಕಾಣೋ ಹಾಗೆ.

ತಲೆನೋವು ಶುರುವಾಗಿದ್ದು ಆಮೇಲೆ. ಮಡಿವಾಳದ ಎಫ್‌ಎಸ್‌ಎಲ್‌ನಲ್ಲಿ (ಸರ್ಕಾರಿ ವಿಧಿವಿಜ್ಞಾನ ಲ್ಯಾಬ್) ಡೈರೆಕ್ಟರ್ ದರ್ಜೆಯೋರು ಸಹಿ ಹಾಕಿದ ರಿಪೋರ್ಟನ್ನ ಅವರು ಕೋರ್ಟಿಗೆ ಬರದೇ ಇದ್ರೂ ಸಾಕ್ಷ್ಯವಾಗಿ ತಗೋಬಹುದು, ಬೇಕಂದ್ರೆ ಕೋರ್ಟು ಕರೆಸತ್ತೆ ಅಷ್ಟೇ, ಕ್ರಿಮಿನಲ್ ಕೇಸ್ ನಡೆಸೋ ವಿಧಾನದ ಕಾನೂನಲ್ಲಿ ಇದು ಹಳೇ ಸಿಆರ್‌ಪಿಸಿಯ ಸೆಕ್ಷನ್ 293, ಈಗಿನ ಬಿಎನ್‌ಎಸ್‌ಎಸ್‌ನ ಸೆಕ್ಷನ್ 329. ಪ್ರೈವೇಟ್‌ನೋರಿಗೆ ಆ ಸೌಲಭ್ಯ ಇಲ್ಲ, ಬಂದು ಕಟಕಟೆ ಹತ್ತಿ ಪಾಟೀಸವಾಲು ಎದುರಿಸ್ಲೇಬೇಕು. ಅಂದ್ರೆ ನಾವು ದುಡ್ಡು ಕೊಡ್ತಿರೋದು ಆ ಸ್ಪೈರಲ್ ಬೈಂಡಿಂಗ್ ಪುಸ್ತಕಕ್ಕಲ್ಲ, ಅಲ್ಲಿ ನಿಂತು ಉತ್ತರ ಕೊಡೋ ಬಾಯಿಗೆ. ಇವರ ಬಾಯಿ ಅಲ್ಲೇ ಕೈ ಕೊಡ್ತು. "ನಿಮಗೆ ಫೀಸ್ ಕೊಟ್ಟಿದ್ದು ಯಾರು? ದುಡ್ಡು ಕೊಟ್ಟವರ ವಿರುದ್ಧ ಯಾವತ್ತಾದ್ರೂ ರಿಪೋರ್ಟ್ ಕೊಟ್ಟಿದೀರಾ?" ಅಂತ ಎದುರಿನ ಲಾಯರ್ ಕೇಳಿದ್ದೇ ತಡ ಸಿಟ್ಟಾಗಿ ತಮ್ಮ ಸರ್ವಿಸ್ ಬಗ್ಗೆ ಭಾಷಣ ಶುರು ಮಾಡಿದ್ರು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಅಂತ ಜಡ್ಜ್ ಸಾಹೇಬ್ರೇ ಹೇಳ್ಬೇಕಾಯ್ತು. ಡಿಜಿಟಲ್ ಫೋಟೋಗೆ ಎಲೆಕ್ಟ್ರಾನಿಕ್ ಸಾಕ್ಷ್ಯದ ಸರ್ಟಿಫಿಕೇಟ್ ಎಲ್ಲಿ ಅಂದ್ರೆ ತಂದಿರ್ಲೇ ಇಲ್ಲ. ಈ ಕಸುಬಿನೋರು ಅದನ್ನ ಮರೀತಾರಾ ಸ್ವಾಮಿ! ವಯಸ್ಸಾದ್ಮೇಲೆ ಕೈ ನಡುಗಲ್ವಾ ಅನ್ನೋ ಪ್ರಶ್ನೆಗೆ ಮಾತ್ರ ಚೆನ್ನಾಗಿ ಹೇಳಿದ್ರು, ವಯಸ್ಸಿನ ನಡುಕ ಸಹಿ ಪೂರ್ತಿ ಇರತ್ತೆ, ನಕಲು ಮಾಡೋರ ನಡುಕ ಕಷ್ಟದ ತಿರುವಲ್ಲೇ ಜಾಸ್ತಿ ಅಂತ.

ಎಕ್ಸ್‌ಪರ್ಟ್ ಹೇಳಿದ್ರೆ ಕೇಸ್ ಗೆದ್ದಂಗೆ ಅನ್ಕೊಂಡು ಬರೋರೂ ಇದಾರೆ. ಅದು ಬರೀ ಅಭಿಪ್ರಾಯ, ಜಡ್ಜ್ ತಾವೇ ಎರಡೂ ಸಹಿ ಪಕ್ಕ ಪಕ್ಕ ಇಟ್ಟು ನೋಡ್ಬಹುದು, ಈ ಅಭಿಪ್ರಾಯವನ್ನ ಎಚ್ಚರಿಕೆಯಿಂದ ತಗೋಬೇಕು ಅಂತ 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ರೇಟ್ ವಿಷ್ಯ: ರಿಪೋರ್ಟಿಗೊಂದು ರೇಟು, ಕೋರ್ಟಿಗೆ ಬಂದ್ರೆ ಪ್ರತಿ ಸಲ ಬೇರೆ, ಕಾರ್ ಬಾಡಿಗೆ ಬೇರೆ. ಇದನ್ನ ಮೊದಲು ಹೇಳ್ಲಿಲ್ಲ. ಜಡ್ಜ್ ರಜೆ ಹಾಕಿ ಕೇಸ್ ಮುಂದಕ್ಕೆ ಹೋದ ದಿನದ್ದೂ ತಗೊಂಡ್ರು, ನೀವು ಹೋಗೋದಾದ್ರೆ ಇದನ್ನ ಬರೆಸ್ಕೊಂಡೇ ಅಡ್ವಾನ್ಸ್ ಕೊಡಿ. ಆಫೀಸ್ ಎರಡನೇ ಮಹಡಿ, ಲಿಫ್ಟ್ ಇಲ್ಲ, ವಯಸ್ಸಾದೋರನ್ನ ಕರ್ಕೊಂಡು ಹೋಗೋರು ಮೊದಲೇ ಫೋನ್ ಮಾಡಿ, ಅವರೇ ಕೆಳಗೆ ಬಂದು ಮಾತಾಡ್ತಾರೆ.