ಟ್ಯಾಂಕಿಗೆ ನೀರು ತಾನಾಗೇ ತುಂಬುತ್ತೆ ಅಂತ ನಂಬಿ ಮನೆಗೆ ಬೀಗ ಹಾಕಬೇಡಿ

ವಿಜಯಪುರದಲ್ಲಿ ಮನೆಯಲ್ಲಿ ಅಕ್ವೇರಿಯಂ ಇಟ್ಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಸೂಟಿಗೆ ಊರಿಗೆ ಹೋಗುವ ಮುಂಚೆ ಟ್ಯಾಂಕಿಗೆ ಆಟೋಮ್ಯಾಟಿಕ್ ಆಗಿ ನೀರು ತುಂಬುವ ವ್ಯವಸ್ಥೆ ಕೂಡಿಸಬೇಕು ಅಂದುಕೊಂಡವರು ಓದಲೇಬೇಕು. ಇದೆಲ್ಲ ಆಗಿ ಮೂರು ವಾರ ಆಯಿತು. ನಾಚಿಕೆಯಿಂದ ಸುಮ್ನಿದ್ದೆ. ಈಗ ಸುಮ್ನಿರೋಕೆ ಆಗುತ್ತಿಲ್ಲ, ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ನಮ್ಮದು 4 ಅಡಿ ಉದ್ದದ ಟ್ಯಾಂಕ್, ಅಗಲ ಎತ್ತರ ಒಂದೂವರೆ ಅಡಿ. ಅದರಲ್ಲಿ ಎರಡು ಆಸ್ಕರ್ ಮೀನು ಇದ್ದವು. ಆರು ವರ್ಷದ ಹಿಂದೆ ಹೆಬ್ಬೆರಳಷ್ಟು ಇದ್ದಾಗ ತಂದದ್ದು. ದೊಡ್ಡದಕ್ಕೆ ಮಗಳು ಗುಂಡ್ಯಾ ಅಂತ ಹೆಸರಿಟ್ಟಿದ್ದಳು. ಆಸ್ಕರ್ ಸಾಕಿದವರಿಗೆ ಗೊತ್ತಿರುತ್ತೆ, ಅವು ಮನೆಯವರನ್ನು ಗುರುತು ಹಿಡಿಯುತ್ತವೆ. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಗುಂಡ್ಯಾ ಗಾಜಿನ ಹತ್ತಿರ ಬಂದು ನಿಂತಿರುತ್ತಿತ್ತು. ಕೈಯಿಂದಲೇ ಕಾಳು ತಿನ್ನುತ್ತಿತ್ತು.

ನಮ್ಮ ಊರಿನ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್ ಮೇ ಬಂತು ಅಂದ್ರೆ ಹೊರಗೆ 40 ಡಿಗ್ರಿ ದಾಟುತ್ತೆ. ಟ್ಯಾಂಕಿನ ನೀರು ಬಿಸಿಯಾಗಬಾರದು ಅಂತ ಮೇಲೆ ಸಣ್ಣ ಫ್ಯಾನ್ ಹಚ್ಚಿದ್ದೆವು. ಫ್ಯಾನ್ ಗಾಳಿಗೆ ನೀರು ತಣ್ಣಗಾಗುತ್ತೆ, ಆದರೆ ಅಷ್ಟೇ ಜೋರಾಗಿ ಆವಿಯಾಗಿ ಆರುತ್ತೆ ಕೂಡ. ದಿನಕ್ಕೆ ಒಂದು ಸೆಂಟಿಮೀಟರ್ ಇಳಿಯುತ್ತಿತ್ತು. ಕೇಳೋಕೆ ಕಮ್ಮಿ, ಆದರೆ ನಮ್ಮ ಟ್ಯಾಂಕಿನ ಅಳತೆಗೆ ಅದು ಹತ್ತಿರ ಹತ್ತಿರ ಐದೂವರೆ ಲೀಟರ್. ನಾಲ್ಕು ದಿನ ಬಿಟ್ಟರೆ ಫಿಲ್ಟರ್ ಗಾಳಿ ಎಳೆಯೋಕೆ ಶುರು ಮಾಡುತ್ತೆ.

ಮೇ ತಿಂಗಳಲ್ಲಿ ಜಮಖಂಡಿಯಲ್ಲಿ ನಾದಿನಿ ಮಗಳ ಮದುವೆ. ಐದು ದಿನ ಮನೆಗೆ ಬೀಗ. ಪಕ್ಕದ ಮನೆ ಕಾಕಾರ ಹತ್ತಿರ ನಮ್ಮ ಕೀಲಿ ಯಾವಾಗಲೂ ಇರುತ್ತೆ. ದಿನಾ ಅರ್ಧ ಬಕೆಟ್ ನೀರು ಹಾಕ್ರಿ ಕಾಕಾ ಅಂದಿದ್ದರೆ ಮುಗಿದಿತ್ತು. ಅವರಿಗೆ ಮೊಣಕಾಲು ನೋವು, ಭಾರ ಎತ್ತಿಸೋದು ಬೇಡ ಅಂತ ಸುಮ್ನಾದೆ. ಆ ಮಾತು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಟ್ಯಾಂಕಿಗೆ ನೀರು ತಾನಾಗೇ ತುಂಬೋ ಹಾಗೆ ಮಾಡಿಕೊಡ್ತೀಯಾ ಅಂತ ಮೀನಿನ ಕಾಳು ತರುವ ಅಂಗಡಿಯವನನ್ನೇ ಕೇಳಿದೆ. ಮೂರು ವರ್ಷದ ಗಿರಾಕಿ ನಾನು. ಅವನು ಬಾಯಿ ತುಂಬ ಹೇಳಿದ. "ಅಕ್ಕಾರ, ಚಿಂತಿ ಬಿಡ್ರಿ. ನೀರಿನ ಮಟ್ಟ ನೋಡೂ ಬೆಳಕಿನ ಸೆನ್ಸರ್ ಹಚ್ಚತೀನಿ, ಅದರ ಮ್ಯಾಲ ಇನ್ನೊಂದು ಬ್ಯಾಕಪ್ ಫ್ಲೋಟ್. ಪಂಪ್ ಜಾಸ್ತಿ ಹೊತ್ತು ಓಡಿದ್ರ ತಾನಾ ಬಂದ್ ಆಗ್ತೈತಿ. ನೀವು ತಿಂಗಳಗಟ್ಟಲೆ ಹೋದ್ರೂ ನಡೀತೈತಿ." ಎಲ್ಲಾ ಸೇರಿ 6,500 ರೂಪಾಯಿ. 3,000 ಮುಂಗಡ ಫೋನ್‌ಪೇ ಮಾಡಿದೆ. ಬಿಲ್ ಕೇಳಿದ್ದಕ್ಕೆ "ಕೆಲಸ ಮುಗದ ಮ್ಯಾಲ ಕೊಡ್ತೀನ್ರಿ" ಅಂದ. ಇವತ್ತಿಗೂ ಕೊಟ್ಟಿಲ್ಲ.

ಹಚ್ಚೋಕೆ ಬಂದಾಗ ಚೀಲದಿಂದ ತೆಗೆದದ್ದು ಒಂದು ಸಣ್ಣ ಪಂಪ್, ಅರ್ಧ ಇಂಚಿನ ಪೈಪ್, ನೀರಿನ ಮೇಲೆ ತೇಲುತ್ತ ಪಂಪ್ ಚಾಲೂ ಬಂದ್ ಮಾಡುವ, ಹೆಬ್ಬೆರಳು ಗಾತ್ರದ ಒಂದೇ ಒಂದು ಪ್ಲಾಸ್ಟಿಕ್ ಫ್ಲೋಟ್. ಇನ್ನೂರು ರೂಪಾಯಿಯೊಳಗೆ ಸಿಗುವಂಥದ್ದು. "ಸೆನ್ಸರ್ ಎಲ್ಲಿ ತಮ್ಮಾ?" ಅಂದೆ. "ಇದೂ ಸೆನ್ಸರೇ ಅಲ್ರಿ ಅಕ್ಕಾರ. ಒಳಗ ಮ್ಯಾಗ್ನೆಟ್ ಐತಿ" ಅಂದ. ಬ್ಯಾಕಪ್ ಕೇಳಿದೆ. "ಸ್ಟಾಕ್ ಇಲ್ರಿ, ನೀವು ಬಂದ ಮ್ಯಾಲ ಹಚ್ಚತೀನಿ." ಅಲ್ಲಿಗೇ ಅವನನ್ನು ಎಬ್ಬಿಸಿ ಕಳಿಸಬೇಕಿತ್ತು. ಕಳಿಸಲಿಲ್ಲ.

ಇನ್ನೊಂದು ಮಾತು. ಆರಿ ಹೋಗೋದು ಬರೀ ನೀರು. ಅದರಲ್ಲಿದ್ದ ಉಪ್ಪು, ಸುಣ್ಣ ಎಲ್ಲ ಟ್ಯಾಂಕಿನಲ್ಲೇ ಉಳಿಯುತ್ತೆ. ಗಾಜಿನ ಮೇಲೆ ಬಿಳಿ ಗೆರೆ ಕೂತಿರುತ್ತಲ್ಲ, ಅದೇ. ಅದಕ್ಕೆ ಆರಿದಷ್ಟನ್ನು ಉಪ್ಪು, ಸುಣ್ಣ ಸೋಸಿ ತೆಗೆದ ಆರ್‌ಒ ನೀರಿನಿಂದಲೇ ತುಂಬಬೇಕು. ನಾನು ಹಾಗೇ ಮಾಡುತ್ತಿದ್ದೆ. ಪಂಪ್ ನೀರು ಎಳೆಯುವ ಡ್ರಮ್ಮಿಗೆ ಆರ್‌ಒ ನೀರು ತುಂಬಿಟ್ಟು ಹೋಗುತ್ತೇನೆ ಅಂದೆ. ಅದಕ್ಕೆ ಅವನು "ಆರ್‌ಒ ನೀರಿನ್ಯಾಗ ಮೀನು ಬದುಕೂದಿಲ್ರಿ" ಅಂದ. ಇಡೀ ಟ್ಯಾಂಕಿಗೆ ಬರೀ ಆರ್‌ಒ ನೀರು ಹಾಕಿದರೆ ಆ ಮಾತು ಸರಿ. ಆರಿದ್ದನ್ನು ತುಂಬೋಕೆ ಅದು ಅನ್ವಯಿಸೋದಿಲ್ಲ. ಅಷ್ಟು ಗೊತ್ತಿದ್ದೂ ವಾದ ಮಾಡಲಿಲ್ಲ, ದಿನಾ ಇದೇ ಕೆಲಸ ಮಾಡುವವನು ಅಂತ.

ಸ್ಟ್ಯಾಂಡಿನ ಕೆಳಗೆ ಫಿಲ್ಟರ್ ಇತ್ತು, ಜಾಗ ಇರಲಿಲ್ಲ. ಅದಕ್ಕೆ ನೀಲಿ ಡ್ರಮ್ಮನ್ನು ಪಕ್ಕದ ಟೇಬಲ್ ಮೇಲೆ ಇಟ್ಟ. ಡ್ರಮ್ಮಿನ ಬುಡ ಟ್ಯಾಂಕಿನ ಅಂಚಿಗಿಂತ ಕೆಳಗೆ, ಬಾಯಿ ಮಾತ್ರ ಅಂಚಿಗಿಂತ ಒಂದು ಗೇಣು ಮೇಲೆ. ಇದನ್ನು ನೆನಪಿಟ್ಟುಕೊಳ್ಳಿ. ಮೊದಲ ದಿನ ಡ್ರಮ್ಮಿಗೆ ಎರಡು ಬಕೆಟ್ ನೀರು ಹಾಕಿ ತೋರಿಸಿದ. ಫ್ಲೋಟ್ ಕೆಳಗೆ ಒತ್ತಿದ, ಪಂಪ್ ಚಾಲೂ. ಮೇಲೆತ್ತಿದ, ಪಂಪ್ ಬಂದ್, ನೀರೂ ಬಂದ್. ಎರಡು ದಿನ ಚೆನ್ನಾಗಿ ನಡೆಯಿತು. ಉಳಿದ 3,500 ಕೊಟ್ಟುಬಿಟ್ಟೆ.

ಹೊರಡುವ ದಿನ ಮಧ್ಯಾಹ್ನ ಅವನೇ ಫೋನ್ ಮಾಡಿ ಬಂದ. "ದಿನಾ ಡ್ರಮ್ ಯಾರ ತುಂಬ್ತಾರ್ರಿ? ಮ್ಯಾಲಿನ ಸಿಂಟೆಕ್ಸ್‌ದಿಂದ ಲೈನ್ ಕೊಟ್ಟು ಬಾಲ್ ಕಾಕ್ ಹಚ್ಚತೀನಿ, ಡ್ರಮ್ ಯಾವಾಗಲೂ ತುಂಬಿರ್ತೈತಿ." ಮತ್ತೆ 400 ರೂಪಾಯಿ. ಟ್ಯಾಕ್ಸಿ ಬಾಗಿಲಲ್ಲಿ ನಿಂತಿತ್ತು. ಮನೆಯವರು ಬ್ಯಾಗ್ ಇಡುತ್ತಿದ್ದರು. ಹೂಂ ಅಂದೆ.

ಡ್ರಮ್ ತುಂಬಿತು. ಫ್ಲೋಟ್ ಒತ್ತಿದ, ನೀರು ಬಂತು. ಫ್ಲೋಟ್ ಎತ್ತಿದ, ಪಂಪಿನ ಸದ್ದು ನಿಂತಿತು. ನೀರು ನಿಲ್ಲಲಿಲ್ಲ. ಪೈಪಿನ ತುದಿಯಿಂದ ಧಾರೆ ಬರುತ್ತಲೇ ಇತ್ತು. ನಾನು ಕಣ್ಣಾರೆ ನೋಡಿದೆ. "ತಮ್ಮಾ, ಇನ್ನೂ ಬರಾಕತ್ತೈತಲ್ಲ?" ಅಂದೆ. ಅವನು ನನ್ನ ಮುಖ ಸಹ ನೋಡಲಿಲ್ಲ. "ಪೈಪಿನ್ಯಾಗ ಉಳದಿದ್ದ ನೀರು ಅಕ್ಕಾರ, ಖಾಲಿ ಆಗ್ತೈತಿ" ಅಂದವನೇ ಪೈಪನ್ನು ಎತ್ತಿ ಕೊಡವಿ ಮತ್ತೆ ಸಿಗಿಸಿದ. ಧಾರೆ ನಿಂತಿತು. "ನೋಡ್ರಿ, ನಿಂತಿಲ್ಲೇನು?"

ಪೈಪ್ ಎತ್ತಿದ್ದರಿಂದ ಗಾಳಿ ಹೊಕ್ಕು ನಿಂತದ್ದು ಅದು. ಅದು ಸೈಫನ್. ಡ್ರಮ್ಮಿನ ನೀರು ಟ್ಯಾಂಕಿನ ಕಡೆಯ ಪೈಪಿನ ತುದಿಗಿಂತ ಮೇಲಿದ್ದರೆ, ಪಂಪ್ ಒಂದು ಸಲ ಪೈಪ್ ತುಂಬಿಸಿ ಕೊಟ್ಟರೆ ಸಾಕು. ಆಮೇಲೆ ಪಂಪ್ ಬೇಕಾಗೋದಿಲ್ಲ, ನೀರು ತಾನಾಗೇ ಇಳಿಯುತ್ತೆ. ಮೊದಲ ಎರಡು ದಿನ ಡ್ರಮ್ ಅರ್ಧ ಇತ್ತು, ನೀರು ಪೈಪಿನ ತುದಿಗಿಂತ ಕೆಳಗಿತ್ತು, ಅದಕ್ಕೇ ನಿಲ್ಲುತ್ತಿತ್ತು. ಬಾಲ್ ಕಾಕ್ ಬಂದ ಮೇಲೆ ಡ್ರಮ್ ಎಂದೂ ಇಳಿಯೋದಿಲ್ಲವಲ್ಲ. ಅವನು ಹೇಳಿದ ಆ ಬೆಳಕಿನ ಸೆನ್ಸರ್ ಇದ್ದಿದ್ದರೂ ಅದು ಪಂಪನ್ನು ನಿಲ್ಲಿಸುತ್ತಿತ್ತೇ ಹೊರತು ಸೈಫನ್ ನಿಲ್ಲಿಸೋಕೆ ಆಗುತ್ತಿರಲಿಲ್ಲ.

ಇದನ್ನು ಬರೆಯೋಕೆ ಕೈ ಬರುತ್ತಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಎರಡು ಬೀಕರ್, ಒಂದು ರಬ್ಬರ್ ನಳಿಗೆ ಹಿಡಿದು ಇದನ್ನೇ ಮಕ್ಕಳಿಗೆ ಎಷ್ಟು ಸಲ ಮಾಡಿ ತೋರಿಸಿದ್ದೇನೆ. ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ ಅದೇ ನಡೆಯಿತು. ಪೈಪಿನಲ್ಲಿ ಉಳಿದ ನೀರು ಅಂದ, ನಾನು ನಂಬಿ ಕಾರು ಹತ್ತಿದೆ. ನಂಬಿ ಕಾರು ಹತ್ತಿದೆ.

ಮಾರನೇ ದಿನ ಬೆಳಿಗ್ಗೆ 6 ಗಂಟೆಗೆ ಅರಿಷಿಣದ ತಯಾರಿಯಲ್ಲಿದ್ದಾಗ ಕಾಕಾರ ಫೋನ್ ಬಂತು. "ಅವ್ವಾ, ನಿಮ್ಮ ಬಾಗಲದ ಬುಡಕ ನೀರು ಬರಾಕತ್ತೈತಿ." ಪುಣ್ಯಕ್ಕೆ ಅವರು ಒಳಗೆ ಕಾಲಿಡುವ ಮೊದಲೇ ಮೀಟರ್ ಹತ್ತಿರ ಮೇನ್ ಬಂದ್ ಮಾಡಿದ್ದರು. ಪಂಪಿನ ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೇ ಇತ್ತು, ನೀರಿನಲ್ಲಿ. ಆ ಮೊಣಕಾಲು ನೋವಿನ ಮನುಷ್ಯರಿಗೆ ಏನಾದರೂ ಆಗಿದ್ದರೆ? ಆ ವಿಚಾರ ಬಂದರೆ ಈಗಲೂ ರಾತ್ರಿ ನಿದ್ದೆ ಬರೋದಿಲ್ಲ.

ನಾವು ಬರುವಷ್ಟರಲ್ಲಿ 8 ಗಂಟೆ ದಾಟಿತ್ತು. ಎರಡು ಕೋಣೆಯಲ್ಲಿ ಕಾಲ್ಬೆರಳು ಮುಳುಗುವಷ್ಟು ನೀರು. ಸಾವಿರ ಲೀಟರಿನ ಸಿಂಟೆಕ್ಸ್ ಖಾಲಿ. ಹಿಂದಿನ ದಿನವಷ್ಟೇ ಪಾಲಿಕೆ ನೀರು ಬಂದಿತ್ತು, ನಮ್ಮ ಓಣಿಗೆ ಅದು ದಿನಾ ಬರೋದಿಲ್ಲ. ಬ್ಲೀಚಿಂಗ್ ವಾಸನೆ ಹೊಡೆಯುವ ನೀರು. ನಾನು ಅದನ್ನು ಬಕೆಟ್‌ನಲ್ಲಿ ಒಂದು ದಿನ ಇಟ್ಟು, ಆ್ಯಂಟಿ ಕ್ಲೋರಿನ್ ಹನಿ ಹಾಕದೆ ಟ್ಯಾಂಕಿಗೆ ಯಾವತ್ತೂ ಮುಟ್ಟಿಸಿದವಳಲ್ಲ. ಅದೇ ನೀರು ಬಿಸಿಲಿಗೆ ಕಾದ ಸಿಂಟೆಕ್ಸ್‌ನಿಂದ ರಾತ್ರಿಯಿಡೀ ನೇರ ನನ್ನ ಮೀನಿನ ಮೇಲೆ ಸುರಿದಿತ್ತು. 220 ಲೀಟರ್ ಹಿಡಿಯುವ ಟ್ಯಾಂಕಿನಲ್ಲಿ ಸಾವಿರ ಲೀಟರ್ ಹಾದು ಹೋದ ಮೇಲೆ ಹಳೇ ನೀರು ಎಲ್ಲಿ ಉಳಿಯುತ್ತೆ?

ಸಣ್ಣ ಆಸ್ಕರ್ ಅಡ್ಡ ತೇಲುತ್ತಿತ್ತು. ಗುಂಡ್ಯಾ ಇನ್ನೂ ಜೀವ ಹಿಡಿದಿತ್ತು. ಮೇಲೆ ಬಂದು ಬಾಯಿ ತೆರೆದು ತೆರೆದು ಗಾಳಿ ಕುಡಿಯುತ್ತಿತ್ತು. ಕಿವಿರು ಕೆಂಪಗೆ, ಸುಟ್ಟ ಹಾಗೆ. ಮೈಮೇಲೆ ಬಿಳಿ ಲೋಳೆ. ಹನಿ ಹಾಕಿದೆವು, ಗಾಳಿ ಕಲ್ಲು ಹಚ್ಚಿದೆವು. ಮಗಳು ಗಾಜಿಗೆ ಕೈ ಇಟ್ಟರೆ ಆ ಸ್ಥಿತಿಯಲ್ಲೂ ಅವಳ ಕಡೆ ತಿರುಗಿತು. ಸಂಜೆ ನಾಲ್ಕಕ್ಕೆ ಹೋಯಿತು.

ಈಗ ಅವನ ಉತ್ತರ ಕೇಳಿ. ಫೋಟೋ, ವಿಡಿಯೋ ಎಲ್ಲ ಕಳಿಸಿದೆ. ಎರಡು ತಾಸು ನೀಲಿ ಟಿಕ್, ಉತ್ತರ ಇಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್: "ಕರೆಂಟ್ ಹೋಗಿ ಬಂದಿರ್ಬೇಕ್ರಿ ಅಕ್ಕಾರ, ಅದಕ್ಕ ಹಂಗಾಗೈತಿ." ರಾತ್ರಿ ಕರೆಂಟ್ ಹೋಗಿರಲಿಲ್ಲ, ಕಾಕಾರನ್ನು ಕೇಳಿದ್ದೆ. ಹಾಗೆ ಬರೆದೆ. "ಹಂಗಾರ ಯಾರೋ ಡ್ರಮ್ಮಿಗೆ ಕೈ ಹಚ್ಯಾರ." ಬೀಗ ಹಾಕಿದ ಮನೆಯಲ್ಲಿ ಯಾರು ಕೈ ಹಚ್ಚುತ್ತಾರೆ? ಆಮೇಲೆ "ಮೀನು ವಯಸ್ಸಾಗಿದ್ದವು ಬಿಡ್ರಿ." ಕೊನೆಗೆ ನನ್ನ ಮೈ ಉರಿಸಿದ್ದು ಇದು: "ಬಾಲ್ ಕಾಕ್ ಹಚ್ಚು ಅಂತ ನೀವ ಅಂದ್ರಿ. ನಾ ಬ್ಯಾಡ ಅಂದಿದ್ದೆ." ನಾನು ಅಂದೆನಂತೆ! ಬಾಗಿಲಲ್ಲಿ ಟ್ಯಾಕ್ಸಿ ನಿಂತಿರುವಾಗ ತಾನಾಗಿ ಫೋನ್ ಮಾಡಿ ಬಂದವನು ಅವನು. ಆ ಮಾತು ಬಾಯಲ್ಲಿ ಆಡಿದ್ದು, ಮೆಸೇಜ್‌ನಲ್ಲಿ ಇಲ್ಲ, ಅದು ಅವನಿಗೂ ಗೊತ್ತು.

ಸೈಫನ್ ಅಂತ ನಾನು ವಿವರಿಸಿದಾಗ "ಅಕ್ಕಾರ, ನೀವು ಪುಸ್ತಕದ್ದು ಹೇಳ್ತೀರಿ, ನಾ ಇಪ್ಪತ್ತು ಮನಿಗೆ ಹಚ್ಚೀನಿ" ಅಂದ. ದುಡ್ಡು ವಾಪಸ್ ಕೇಳಿದೆ. "ಎರಡು ಸಣ್ಣ ಆಸ್ಕರ್ ಫ್ರೀ ಕೊಡ್ತೀನಿ, ಇಲ್ಲಿಗೇ ಮುಗಸ್ರಿ." ಫೋನ್ ಸ್ಪೀಕರ್ ಮೇಲಿತ್ತು. ಮಗಳು ಪಕ್ಕದಲ್ಲೇ ಕೂತಿದ್ದಳು, ಎದ್ದು ಒಳಗೆ ಹೋದಳು. ಅದಾದ ಮೇಲೆ ನನ್ನ ನಂಬರ್ ಬ್ಲಾಕ್.

ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಫೀ ಇಲ್ಲ. ಬಿಲ್ ಇಲ್ಲದಿದ್ದರೂ ಫೋನ್‌ಪೇ ಲೆಕ್ಕ, ವಾಯ್ಸ್ ಮೆಸೇಜ್ ಎಲ್ಲ ತೆಗೆದಿಟ್ಟಿದ್ದೇನೆ. ಉಬ್ಬಿ ಹೋದ ಪ್ಲೈವುಡ್ ಟಿವಿ ಸ್ಟ್ಯಾಂಡ್ ಹಾಗೇ ಇಟ್ಟಿದ್ದೇನೆ, ಬಂದು ನೋಡಲಿ.

ನೀವು ಹಚ್ಚಿಸೋದಾದರೆ ಡ್ರಮ್ಮನ್ನು ಟ್ಯಾಂಕಿಗಿಂತ ಕೆಳಗೇ ಇಡಿಸಿ. ಜಾಗ ಇಲ್ಲ ಅಂದರೆ ಹಚ್ಚಿಸಲೇಬೇಡಿ. ಪೈಪಿನ ತುದಿ ನೀರಿನಲ್ಲಿ ಮುಳುಗಬಾರದು, ಮುಳುಗಿದರೆ ಟ್ಯಾಂಕಿನ ನೀರು ಹಿಂದಕ್ಕೆ ಡ್ರಮ್ಮಿಗೆ ಇಳಿಯುತ್ತೆ. ನಲ್ಲಿಗೆ, ಸಿಂಟೆಕ್ಸ್‌ಗೆ ಲೈನ್ ಕೊಡಿಸಬೇಡಿ, ಯಾರು ಏನೇ ಹೇಳಲಿ. 20 ಲೀಟರಿನ ಕ್ಯಾನ್ ಇಟ್ಟರೆ ಏನೇ ಕೆಟ್ಟರೂ ಸುರಿಯೋದು 20 ಲೀಟರ್ ಮಾತ್ರ. ಫ್ಲೋಟ್ ಎರಡು ಇರಲಿ, ಒಂದಕ್ಕೆ ಪಾಚಿ ಹಿಡಿದು ಸಿಕ್ಕಿಕೊಂಡರೆ ಇನ್ನೊಂದು ಇರುತ್ತೆ. ಬೋರ್ಡನ್ನು ಗೋಡೆಗೆ ಎತ್ತರದಲ್ಲಿ ಹೊಡೆಸಿ. ಕ್ಯಾನ್ ಪೂರ್ತಿ ತುಂಬಿಸಿ ನೀವೇ ಫ್ಲೋಟ್ ಎತ್ತಿ ನೋಡಿ, ಪಂಪ್ ನಿಂತ ಮೇಲೆ ಐದು ನಿಮಿಷ ಅಲ್ಲೇ ನಿಂತು ಪೈಪಿನ ತುದಿ ನೋಡಿ. ಪೈಪಿನಲ್ಲಿ ಉಳಿದ ನೀರು ಅಂತ ಯಾರಾದರೂ ಅಂದರೆ ದುಡ್ಡು ಕೊಡಬೇಡಿ. ಒಂದು ವಾರ ಮನೆಯಲ್ಲೇ ಇದ್ದು ನೋಡಿ, ಆಮೇಲೆ ಊರಿಗೆ ಹೋಗಿ.

ಇನ್ನು ಇವತ್ತೇ ಯಾಕೆ ಬರೆದೆ ಅಂದರೆ. ಅವನು ಮನೆಯವರ ನಂಬರ್ ಬ್ಲಾಕ್ ಮಾಡಿಲ್ಲ. ನಿನ್ನೆ ರಾತ್ರಿ ಅವನ ಸ್ಟೇಟಸ್‌ನಲ್ಲಿ ಯಾರದೋ ಮನೆಯ ಫೋಟೋ ಇತ್ತು. ಹೊಸ ಟ್ಯಾಂಕ್, ಗೋಲ್ಡ್ ಫಿಶ್, ಹಿಂದೆ ಹಸಿರು ಬಣ್ಣದ ಗೋಡೆ, ಕಿಟಕಿಗೆ ಹೂವಿನ ಪರದೆ. ಪಕ್ಕದಲ್ಲಿ ಟೇಬಲ್ ಮೇಲೆ ಅದೇ ನೀಲಿ ಡ್ರಮ್, ಬಾಯಿ ಟ್ಯಾಂಕಿಗಿಂತ ಮೇಲೆ. ಡ್ರಮ್ಮಿನೊಳಗೆ ಹೋಗುವ ಬಿಳಿ ಲೈನ್ ಕೂಡ ಕಾಣುತ್ತಿತ್ತು. ಅದು ಯಾರ ಮನೆ ಅಂತ ನನಗೆ ಗೊತ್ತಿಲ್ಲ. ನಿಮ್ಮದಾಗಿದ್ದರೆ, ನಿಮಗೆ ಗೊತ್ತಿದ್ದವರದ್ದಾಗಿದ್ದರೆ, ದಯವಿಟ್ಟು ಈಗಲೇ ಹೋಗಿ ಆ ಡ್ರಮ್ಮನ್ನು ಕೆಳಗಿಳಿಸಿ.