ಅಡಿಕೆ ತೋಟಕ್ಕೆ ಮಿನಿ ಟ್ರ್ಯಾಕ್ಟರ್: ಸಾದಾ ಗೇರೋ, ಶಟಲ್ಲೋ?

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಂಡಿದ್ದು ಶಟಲ್ ಇರುವ ಗಾಡಿ, ಅಂದರೆ ಗೇರು ಬದಲಿಸದೆ ಒಂದೇ ಲಿವರಿನಲ್ಲಿ ಮುಂದಕ್ಕೂ ಹಿಂದಕ್ಕೂ ಹೋಗುವಂಥದ್ದು. ಮತ್ತೆ ಕೊಳ್ಳಬೇಕಾಗಿ ಬಂದರೂ ಅದನ್ನೇ ಕೊಳ್ಳುತ್ತೇನೆ. ಹಾಗಾಗಿ ತೀರ್ಪು ಎತ್ತ ವಾಲುತ್ತದೆ ಅಂತ ಕೊನೆವರೆಗೂ ಕಾಯಬೇಕಿಲ್ಲ. ಆದರೆ ಸುಮ್ನೆ ಹೊಗಳುತ್ತಿಲ್ಲ. ತಮ್ಮನ (ಚಿಕ್ಕಪ್ಪನ ಮಗ) ಸಾದಾ ಗೇರಿನ, ಅಂದರೆ ಸ್ಲೈಡಿಂಗ್ ಮೆಶ್ ಗಾಡಿಯನ್ನು ಹಲವು ಹಂಗಾಮು ನಮ್ಮ ತೋಟದಲ್ಲೇ ಓಡಿಸಿದ್ದೇನೆ. ಪಕ್ಕದ ತೋಟದವರ ಕಾನ್‌ಸ್ಟೆಂಟ್ ಮೆಶ್ ಗೇರಿನ ಗಾಡಿ ತಂದು ಔಷಧಿ ಹೊಡೆದಿದ್ದೇನೆ. ಗೇರಿನ ಗೊಡವೆಯೇ ಇಲ್ಲದ, ಎಣ್ಣೆಯ ಒತ್ತಡದಲ್ಲಿ ಓಡುವ ಎಚ್‌ಎಸ್‌ಟಿ (ಹೈಡ್ರೋಸ್ಟಾಟಿಕ್) ಹೇಗಿರುತ್ತದೆ ಅಂತಲೂ ಸ್ವಲ್ಪ ಗೊತ್ತು, ಅದರ ವಿಷಯ ಆಮೇಲೆ.

ಎಚ್‌ಪಿ, ಎತ್ತುವ ತೂಕ, ಟೈರಿನ ಅಳತೆ ಎಲ್ಲಾ ಶೋರೂಮಿನ ಹಾಳೆಯಲ್ಲೇ ಇರುತ್ತದೆ. 22ರಿಂದ 30 ಎಚ್‌ಪಿ ಒಳಗಿನ ಗಾಡಿಗಳಲ್ಲಿ ತೋಟದ ಕೆಲಸಕ್ಕೆ ಶಕ್ತಿ ಸಾಲದು ಅನ್ನುವ ಮಾತು ನನ್ನ ಅನುಭವಕ್ಕೆ ಬಂದಿಲ್ಲ. ವ್ಯತ್ಯಾಸ ಗೊತ್ತಾಗುವುದು ಸಾಲಿನ ಕೊನೆಯಲ್ಲಿ.

ನಮ್ಮದು ಚನ್ನಗಿರಿ ಕಡೆಯ ತೋಟ. ಮರದಿಂದ ಮರಕ್ಕೆ 9 ಅಡಿ. ಸಾಲಿನ ಕೊನೆಗೆ ಸ್ವಲ್ಪ ಜಾಗ, ಅದರಾಚೆ ಬಸಿಗಾಲುವೆ, ಅದರಾಚೆ ಬೇಲಿ. ಹಿಂದೆ ಮಣ್ಣು ಹೊಡೆಯುವ ರೋಟವೇಟರ್ ಕಟ್ಟಿಕೊಂಡು ಅಲ್ಲಿ ಒಂದೇ ಸುತ್ತಿಗೆ ತಿರುಗುವುದು ಆಗದ ಮಾತು. ಮುಂದೆ ಹೋಗಬೇಕು, ಹಿಂದೆ ಬರಬೇಕು, ಮತ್ತೆ ಮುಂದೆ ಹೋಗಬೇಕು. ಪ್ರತಿ ಸಾಲಿಗೂ ಇದೇ ಕಥೆ.

ಸ್ಲೈಡಿಂಗ್ ಮೆಶ್‌ನಲ್ಲಿ ಗೇರು ಬದಲಿಸುವಾಗ ಹಲ್ಲಿನ ಚಕ್ರವೇ ಶಾಫ್ಟಿನ ಮೇಲೆ ಜಾರಿ ಇನ್ನೊಂದು ಚಕ್ರಕ್ಕೆ ಕೂರಬೇಕು. ಗಾಡಿ ಪೂರ್ತಿ ನಿಂತಿರಬೇಕು. ನಿಂತಿದ್ದರೂ ಹಲ್ಲಿಗೆ ಹಲ್ಲು ಎದುರಾದರೆ ಗೇರು ಬೀಳುವುದಿಲ್ಲ. ಕ್ಲಚ್ಚನ್ನು ಒಂದು ಚೂರು ಬಿಟ್ಟು ಮತ್ತೆ ತುಳಿಯಬೇಕು. ಆಗಲೂ ಬೀಳದಿದ್ದರೆ ಒಂದನೇ ಗೇರಿಗೆ ಹಾಕಿ, ತೆಗೆದು, ಮತ್ತೆ ರಿವರ್ಸ್ ಹಾಕಬೇಕು. ಅವಸರ ಮಾಡಿದರೆ ಗರ್ರ್ ಅನ್ನುವ ಸದ್ದು ಪಕ್ಕದ ತೋಟದವರೆಗೂ ಕೇಳುತ್ತದೆ. ಇಷ್ಟು ಹೊತ್ತೂ ಎಡಗಾಲು ಕ್ಲಚ್ ಮೇಲೆ, ಬಲಗಾಲು ಬ್ರೇಕ್ ಮೇಲೆ. ನೆಲ ಕಾಲುವೆ ಕಡೆ ಇಳಿಜಾರಾಗಿದೆ. ಒಂದು ಕೈ ಸ್ಟೇರಿಂಗಿಗೆ, ಇನ್ನೊಂದು ರೋಟವೇಟರ್ ಎತ್ತುವ ಹ್ಯಾಂಡಲ್ಲಿಗೆ. ಗೇರು ಹಾಕಲು ಮೂರನೇ ಕೈ ಬೇಕಲ್ವಾ?

ಇದಕ್ಕಿಂತ ಕಿರಿಕಿರಿಯದು ರಿವರ್ಸಿನ ವೇಗ. ರೋಟವೇಟರ್ ಹೊಡೆಯುವಾಗ ಪಿಟಿಒ (ಹಿಂದೆ ಕಟ್ಟಿದ ಉಪಕರಣವನ್ನು ತಿರುಗಿಸುವ ಶಾಫ್ಟ್) ನಿಮಿಷಕ್ಕೆ 540 ಸುತ್ತು ಬರಲಿ ಅಂತ ಎಂಜಿನ್ನನ್ನು ಏರಿಸಿ ಇಟ್ಟಿರುತ್ತೇವೆ. ಮುಂದಕ್ಕೆ ಗಂಟೆಗೆ ಎರಡು ಮೂರು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತೇವೆ. 8 ಮುಂದಕ್ಕೆ, 4 ಹಿಂದಕ್ಕೆ ಅನ್ನುವ ಸಾದಾ ಗೇರ್ ಬಾಕ್ಸಿನಲ್ಲಿ ಹಿಂದಿನ ಗೇರುಗಳು ಕಡಿಮೆ. ನನಗೆ ಬೇಕಾದ ವೇಗದ್ದು ಅವುಗಳಲ್ಲಿ ಇರುವುದಿಲ್ಲ. ತಮ್ಮನ ಗಾಡಿಯಲ್ಲಿ ಅದೇ ಎಂಜಿನ್ ವೇಗಕ್ಕೆ ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಹಿಂದಕ್ಕೆ ನುಗ್ಗುತ್ತಿತ್ತು. ಹಿಂದೆ ಮರ ಇದೆ. ಅಡಿಕೆ ಮರದ ಕಾಂಡಕ್ಕೆ ರೋಟವೇಟರಿನ ಮೂಲೆ ಬಡಿದರೆ ಆ ಗಾಯ ಮಾಯುವುದಿಲ್ಲ, ಮರ ಇರುವವರೆಗೂ ಅಲ್ಲೇ ಇರುತ್ತದೆ. ಹಾಗಾಗಿ ಪ್ರತಿ ಸಲವೂ ಆಕ್ಸಿಲರೇಟರ್ ಇಳಿಸು, ಹಿಂದೆ ಬಾ, ಮತ್ತೆ ಏರಿಸು. ಸಂಜೆ ಹೊತ್ತಿಗೆ ಎಡ ಮೊಣಕಾಲು ಮಾತಾಡಲು ಶುರು ಮಾಡುತ್ತಿತ್ತು.

ಶಟಲ್‌ನಲ್ಲಿ ಈ ಗೋಳು ಇಲ್ಲ. ಸ್ಟೇರಿಂಗ್ ಕೆಳಗೆ ಎಡಕ್ಕೆ ಒಂದು ಸಣ್ಣ ಲಿವರ್. ಮುಂದೆ ತಳ್ಳಿದರೆ ಮುಂದೆ, ಹಿಂದೆ ಎಳೆದರೆ ಹಿಂದೆ. ಹಾಕಿದ ಗೇರು ಹಾಕಿದ ಹಾಗೇ ಇರುತ್ತದೆ. ನನ್ನ ಗಾಡಿಯಲ್ಲಿ ಮುಂದಕ್ಕೆ ಎಷ್ಟು ಗೇರೋ ಹಿಂದಕ್ಕೂ ಅಷ್ಟೇ, ವೇಗವೂ ಹೆಚ್ಚು ಕಡಿಮೆ ಒಂದೇ. ಕ್ಲಚ್ ತುಳಿಯುವುದು ತಪ್ಪುವುದಿಲ್ಲ. ಆದರೆ ಒಳಗಿನ ಸಿಂಕ್ರೊ ಉಂಗುರ ಎರಡೂ ಕಡೆಯ ವೇಗವನ್ನು ಸರಿಹೊಂದಿಸುವುದರಿಂದ ಲಿವರ್ ಮೆತ್ತಗೆ ಕೂರುತ್ತದೆ. ಸಾಲಿನ ಕೊನೆ ಬಂತು, ರೋಟವೇಟರ್ ಎತ್ತಿದೆ, ಪಿಟಿಒ ನಿಲ್ಲಿಸಿದೆ, ಲಿವರ್ ಎಳೆದೆ, ಹಿಂದೆ ಬಂದೆ. ಅಷ್ಟೇ.

ಕಾನ್‌ಸ್ಟೆಂಟ್ ಮೆಶ್ ಇವೆರಡರ ನಡುವಿನದು. ಚಕ್ರಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ, ಜಾರಿ ಸೇರಿಕೊಳ್ಳುವುದು ಕಾಲರ್ ಮಾತ್ರ. ಸದ್ದು ಕಡಿಮೆ, ಹಲ್ಲು ಸವೆಯುವುದೂ ಕಡಿಮೆ. ಹೊಲದ ಕೆಲಸಕ್ಕೆ ಒಳ್ಳೆಯದು. ಆದರೆ ಶಟಲ್ ಇಲ್ಲದಿದ್ದರೆ ರಿವರ್ಸಿಗೆ ಗಾಡಿ ನಿಲ್ಲಿಸಲೇಬೇಕು, ಹಿಂದಿನ ಗೇರುಗಳ ಕೊರತೆಯೂ ಹಾಗೇ ಉಳಿಯುತ್ತದೆ.

ಪಕ್ಕದವರ ಆ ಗಾಡಿಯಲ್ಲಿ ನನಗೆ ಸಿಟ್ಟು ಬರಿಸಿದ್ದು ಗೇರ್ ಬಾಕ್ಸಿಗಿಂತ ಜಾಸ್ತಿ ಸಿಂಗಲ್ ಕ್ಲಚ್ಚು. ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗುತ್ತಿದೆ ಅಂತ ಔಷಧಿ ಹೊಡೆಯುತ್ತಿದ್ದೆವು. ಪಂಪು ಪಿಟಿಒ ಮೇಲೆ. ನಾಲ್ಕು ಮರ ಮುಗಿಸಿ ಮುಂದೆ ಹೋಗೋಣ ಅಂತ ಕ್ಲಚ್ ತುಳಿದರೆ ಪಂಪೂ ನಿಂತಿತು, ಪ್ರೆಶರ್ ಇಳಿಯಿತು. ಪೈಪ್ ಹಿಡಿದವನು ಅಲ್ಲಿಂದಲೇ ಕೂಗುತ್ತಾನೆ. ಡ್ಯುಯಲ್ ಕ್ಲಚ್ ಇದ್ದರೆ ಅರ್ಧ ತುಳಿದಾಗ ಚಕ್ರ ಮಾತ್ರ ನಿಲ್ಲುತ್ತದೆ, ಪಿಟಿಒ ತಿರುಗುತ್ತಲೇ ಇರುತ್ತದೆ. ಪಿಟಿಒಗೆ ಬೇರೆಯೇ ಕ್ಲಚ್ ಇದ್ದರೆ ಇನ್ನೂ ವಾಸಿ. ಗೇರ್ ಬಾಕ್ಸ್ ಯಾವುದು ಅಂತ ಕೇಳುವಾಗ ಕ್ಲಚ್ ಯಾವುದು ಅಂತಲೂ ಕೇಳಿ. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ಇನ್ನು ಎಚ್‌ಎಸ್‌ಟಿ. ಭತ್ತ ಕೊಯ್ಯುವ ಚೈನ್ ಹಾರ್ವೆಸ್ಟರಿನ ಡ್ರೈವರ್ ಪಕ್ಕ ನಿಂತು ನೋಡಿದ್ದರೆ ನಿಮಗೂ ಗೊತ್ತಿರುತ್ತದೆ. ಒಂದು ಲಿವರ್ ಅಷ್ಟೇ. ಎಷ್ಟು ತಳ್ಳಿದರೆ ಅಷ್ಟು ವೇಗ, ಹಿಂದೆ ಎಳೆದರೆ ಗಾಡಿ ಹಿಂದೆ. ಎಂಜಿನ್ ಪಂಪನ್ನು ತಿರುಗಿಸುತ್ತದೆ, ಪಂಪಿನ ಎಣ್ಣೆ ಮೋಟಾರನ್ನು ತಿರುಗಿಸುತ್ತದೆ. ಸಂಬಳದ ಡ್ರೈವರ್ ಊಟಕ್ಕೆ ಹೋದಾಗ ಮಾಲೀಕರನ್ನು ಕೇಳಿ ನಮ್ಮ ಗದ್ದೆಯಲ್ಲೇ ಓಡಿಸಿ ನೋಡಿದೆ. ಆಹಾ ಅನಿಸಿತು, ಸುಳ್ಳು ಹೇಳುವುದಿಲ್ಲ. ಅಮೆರಿಕದಲ್ಲಿ ಸಣ್ಣ ಟ್ರ್ಯಾಕ್ಟರಿಗೆ ಮುಂದೆ ಬಕೆಟ್ ಕಟ್ಟಿ ಮಣ್ಣೆತ್ತುವವರು, ಹುಲ್ಲು ಕತ್ತರಿಸುವವರು ಇದನ್ನೇ ಬಯಸುವುದು ಯಾಕೆ ಅಂತ ಅರ್ಥವಾಯಿತು. ಆದರೆ ಶಕ್ತಿಯಲ್ಲಿ ಒಂದು ಪಾಲು ಆ ಎಣ್ಣೆಯಲ್ಲೇ ಬಿಸಿಯಾಗಿ ಹೋಗುತ್ತದೆ. ದಿನವಿಡೀ ಒಂದೇ ವೇಗದಲ್ಲಿ ಮಣ್ಣು ಹೊಡೆಯುವ ನಮಗೆ 24 ಎಚ್‌ಪಿಯಲ್ಲಿ ಅದನ್ನು ಕಳೆದುಕೊಳ್ಳುವುದು ನಷ್ಟ. ಮೇಲಾಗಿ ನಾನು ಹೋದ ಯಾವ ಶೋರೂಮಿನಲ್ಲೂ ಎಚ್‌ಎಸ್‌ಟಿ ಮಿನಿ ಟ್ರ್ಯಾಕ್ಟರ್ ಸಿಗಲಿಲ್ಲ. ಕೆಟ್ಟರೆ ಅದನ್ನು ಬಿಚ್ಚುವ ಮೆಕ್ಯಾನಿಕ್ ನಮ್ಮ ಊರಲ್ಲಂತೂ ಇಲ್ಲ.

ಬೆಲೆಗೆ ಬರೋಣ. ಅಷ್ಟೇ ಎಚ್‌ಪಿಯ ಸಾದಾ ಗಾಡಿಗಿಂತ ಶಟಲ್ ನನಗೆ ಮುಕ್ಕಾಲು ಲಕ್ಷದಷ್ಟು ಜಾಸ್ತಿ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದ್ದು ನನಗೆ ಅನುಕೂಲವಾಯಿತು. 6 ಲಕ್ಷದ ಮೂಲಬೆಲೆಗೆ ಅದು 42 ಸಾವಿರ. ಉಳಿದದ್ದನ್ನು ನನ್ನ ಮೊಣಕಾಲಿನ ಲೆಕ್ಕಕ್ಕೆ ಬರೆದುಕೊಂಡೆ. ಮೊದಲೆಲ್ಲ ಈ ಸೌಲಭ್ಯ ದೊಡ್ಡ ಗಾಡಿಗಳಿಗೇ ಅನ್ನುವಂತಿತ್ತು. 2023ರ ಆಗಸ್ಟ್ 15ರಂದು ಕೇಪ್‌ಟೌನ್‌ನಲ್ಲಿ ಮಹೀಂದ್ರ ತನ್ನ ಓಜಾ ಸಣ್ಣ ಗಾಡಿಗಳನ್ನು 12 ಮುಂದಿನ, 12 ಹಿಂದಿನ ಗೇರುಗಳ ಶಟಲ್ ಜೊತೆ ತೋರಿಸಿದ ಮೇಲೆ ಊರ ಕಡೆಯೂ ಇದರ ಮಾತು ಜಾಸ್ತಿಯಾಯಿತು. ಶಟಲ್ ಬೇರೆ ಕಂಪನಿಗಳ ಗಾಡಿಗಳಲ್ಲೂ ಇದೆ, ವಿಚಾರಿಸಿ.

ಶಟಲ್‌ನ ಕೊರತೆಯನ್ನೂ ಹೇಳಬೇಕು. ಗಾಡಿ ಇನ್ನೂ ಓಡುತ್ತಿರುವಾಗಲೇ ಲಿವರ್ ಎಳೆಯುವ ಚಟ ಬೇಗ ಬಂದುಬಿಡುತ್ತದೆ. ನಿಧಾನಕ್ಕೆ ಹೋಗುವಾಗ ತಡೆದುಕೊಳ್ಳುತ್ತದೆ, ವೇಗದಲ್ಲಿ ಎಳೆದರೆ ಸಿಂಕ್ರೊ ಉಂಗುರ ಸವೆಯುತ್ತದೆ. ಅದನ್ನು ಬದಲಿಸಬೇಕೆಂದರೆ ಗಾಡಿಯನ್ನು ನಡುವೆ ಬಿಚ್ಚಬೇಕು, ಖರ್ಚು ಸಣ್ಣದಲ್ಲ. ನನ್ನ ಗಾಡಿ ನಾನೊಬ್ಬನೇ ಓಡಿಸುತ್ತೇನೆ, ಹಾಗಾಗಿ ಭಯವಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವವರು, ದಿನಕ್ಕೊಬ್ಬ ಡ್ರೈವರ್ ಹತ್ತಿಸುವವರು ಯೋಚಿಸಬೇಕು. ಇನ್ನೊಂದು, ಎಡಗಡೆಯಿಂದ ಹತ್ತುವಾಗ ಮೊಣಕಾಲೋ ಲುಂಗಿಯೋ ಲಿವರಿಗೆ ತಾಗುತ್ತದೆ. ನ್ಯೂಟ್ರಲ್ ನೋಡದೆ ಚಾಲೂ ಮಾಡಬೇಡಿ.

ನಾನು ಹೋದ ಒಂದು ಶೋರೂಮಿನವರು ಡೆಮೊ ಅಂತ ಎದುರಿನ ಡಾಂಬರು ರಸ್ತೆಯಲ್ಲಿ ಓಡಿಸಲು ಕೊಟ್ಟರು. ರಸ್ತೆಯಲ್ಲಿ ಎಲ್ಲ ಗೇರ್ ಬಾಕ್ಸೂ ಚೆನ್ನಾಗೇ ಇರುತ್ತದೆ. ರೋಟವೇಟರ್ ಕಟ್ಟಿ ತೋಟಕ್ಕೇ ಕಳಿಸಿ ಅಂತ ಹಟ ಹಿಡಿಯಿರಿ. ಸಾಲಿನ ಕೊನೆಯಲ್ಲಿ ನೀವೇ ತಿರುಗಿಸಿ ನೋಡಿ. ಅಡಿಕೆ ಬೇರು ಮೇಲೇ ಇರುತ್ತದೆ, ಡೆಮೊದ ಹುರುಪಿನಲ್ಲಿ ಆಳ ಹೊಡೆಸಬೇಡಿ.

ತಮ್ಮನಿಗೂ ಗಾಡಿ ಬದಲಿಸು ಅಂದೆ. ಅವನು ಒಪ್ಪಲಿಲ್ಲ. ಅವನದು ಉದ್ದನೆಯ ಮೆಕ್ಕೆಜೋಳದ ಹೊಲ. ತಿರುಗಲು ಬೇಕಾದಷ್ಟು ಜಾಗ, ಉಳಿದ ದಿನ ಟ್ರೇಲರ್‌ನಲ್ಲಿ ಗೊಬ್ಬರ, ಮೇವು. ದಿನಕ್ಕೆ ನಾಲ್ಕು ಸಲ ರಿವರ್ಸ್ ಹಾಕುವವನಿಗೆ ಮುಕ್ಕಾಲು ಲಕ್ಷ ಯಾಕೆ ಬೇಕು? ಆ ದುಡ್ಡಲ್ಲಿ ಅವನು ಹೊಸ ಕಲ್ಟಿವೇಟರ್ ತಂದ, ಉಳಿದದ್ದನ್ನು ಟ್ರೇಲರಿನ ಟೈರಿಗೆ ಇಟ್ಟುಕೊಂಡಿದ್ದಾನೆ.